ಒಳಗಿಟ್ಟ ಸ್ಟೆಂಟ್: ಯಾವುದು ಉಳಿಯಬೇಕು, ಯಾವುದನ್ನು ತೆಗೆಸಬೇಕು? ಗಡಿನಾಡಿನ ಮನೆಯವರಿಗೆ ಕೈಪಿಡಿ

ಮನೆಯಲ್ಲಿ ಯಾರಿಗಾದರೂ ಸ್ಟೆಂಟ್ ಹಾಕಿದ್ದೇವೆಂದು ಡಾಕ್ಟರು ಹೇಳಿದರೆ ಮೊದಲು ಕೇಳಬೇಕಾದದ್ದು ಇದು: ಒಳಗೇ ಉಳಿಯುವುದೋ, ತೆಗೆಯುವುದೋ? ತೆಗೆಯುವುದಾದರೆ ಯಾವ ತಾರೀಕಿಗೆ? ಉಳಿಯುವುದಾದರೆ ಯಾವ ಮಾತ್ರೆ, ಎಷ್ಟು ತಿಂಗಳು?

ಹೃದಯದ ರಕ್ತನಾಳಕ್ಕೆ ಹಾಕುವುದೂ ಸ್ಟೆಂಟ್, ಕಿಡ್ನಿ ಕಲ್ಲು ತೆಗೆದ ಮೇಲೆ ಮೂತ್ರನಾಳದಲ್ಲಿ ಇಡುವುದೂ ಸ್ಟೆಂಟ್, ಕಾಮಾಲೆ ಇಳಿಸಲು ಪಿತ್ತನಾಳದಲ್ಲಿ ಇಡುವುದೂ ಸ್ಟೆಂಟ್. ಮುಚ್ಚಿಹೋಗುವ ಕೊಳವೆಯನ್ನು ತೆರೆದಿಡುವುದು ಮೂರರ ಕೆಲಸವೂ ಹೌದು. ಆದರೆ ಆಮೇಲಿನ ಆರೈಕೆ ಒಂದಕ್ಕೊಂದು ತೀರಾ ಬೇರೆ. ಹೃದಯದ ಸ್ಟೆಂಟ್ ಜೀವನಪರ್ಯಂತ ಅಲ್ಲೇ ಇರುತ್ತದೆ, ಅದಕ್ಕೆ ಬರೆದ ಮಾತ್ರೆ ತಪ್ಪಿದರೆ ಪ್ರಾಣಕ್ಕೆ ಅಪಾಯ. ಮೂತ್ರನಾಳದ್ದನ್ನು ಕೆಲವೇ ವಾರಗಳಲ್ಲಿ ತೆಗೆಸಬೇಕು, ಮರೆತರೆ ಕಿಡ್ನಿಯೇ ಹೋಗಬಹುದು. ಪಿತ್ತನಾಳದ ಪ್ಲಾಸ್ಟಿಕ್ ಸ್ಟೆಂಟನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಹೆಸರು ಒಂದೇ ಇರುವುದರಿಂದ "ನಮ್ಮ ಭಾವನಿಗೂ ಹಾಕಿದ್ದಾರೆ, ಅವರು ಏನೂ ಮಾಡಿಸಲಿಲ್ಲ, ಆರಾಮಾಗಿದ್ದಾರೆ" ಎಂಬ ಮಾತು ಊರಲ್ಲಿ ಓಡಾಡುತ್ತದೆ. ಭಾವನಿಗೆ ಹಾಕಿದ್ದು ಯಾವ ನಾಳಕ್ಕೆ ಎಂದು ವಿಚಾರಿಸದೆ ಆ ಮಾತನ್ನು ನಂಬಬೇಡಿ.

ಕಾಸರಗೋಡು, ಮಂಜೇಶ್ವರ ತಾಲೂಕಿನವರಿಗೆ ಇನ್ನೂ ಒಂದು ತೊಡಕಿದೆ. ಸ್ಟೆಂಟ್ ಹಾಕಿಸುವುದು ಹೆಚ್ಚಾಗಿ ಮಂಗಳೂರಿನಲ್ಲಿ, ಮದ್ದು ತರುವುದು ಕುಂಬಳೆಯಲ್ಲೋ ಬದಿಯಡ್ಕದಲ್ಲೋ, ಜ್ವರ ಬಂದಾಗ ತೋರಿಸುವುದು ಊರಿನ ಕುಟುಂಬಾರೋಗ್ಯ ಕೇಂದ್ರದಲ್ಲಿ. ಒಂದು ಕಡೆಯ ದಾಖಲೆ ಇನ್ನೊಂದು ಕಡೆಯವರ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ. ಗಡಿಯ ಆಚೆಗೂ ಈಚೆಗೂ ವಿಷಯ ಮುಟ್ಟಿಸುವ ಕೆಲಸ ಮನೆಯವರ ಕೈಯಲ್ಲಿರುವ ಫೈಲಿನದ್ದು. ಹಾಗಾಗಿ ಕಾಗದದ ಮಾತು ಇಲ್ಲಿ ಮತ್ತೆ ಮತ್ತೆ ಬರುತ್ತದೆ.

ಬಲೂನು ಹಿಗ್ಗಿಸುವ ಸ್ಟೆಂಟ್

ಹೃದಯದ ಸ್ಟೆಂಟ್ ಅಂದರೆ ತೆಳು ಲೋಹದ ಬಲೆಯ ಕೊಳವೆ. ಈಗಿನವು ಬಹುಪಾಲು ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದವು. ಬಲೆಯ ಎಳೆಯ ದಪ್ಪ ಸುಮಾರು 60ರಿಂದ 80 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಕಾರ್ಖಾನೆಯಲ್ಲೇ ಅದನ್ನು ಮಡಿಚಿದ ಬಲೂನಿನ ಮೇಲೆ ಬಿಗಿಯಾಗಿ ಅಮುಕಿ ಕೂರಿಸಿರುತ್ತಾರೆ. ಕಿರಿದಾದ ಜಾಗಕ್ಕೆ ಹೋಗಿ ಬಲೂನು ಉಬ್ಬಿದಾಗ ಬಲೆ ಹಿಗ್ಗುತ್ತದೆ. ಬಲೂನು ಕುಗ್ಗಿದರೂ ಲೋಹ ಹಿಗ್ಗಿದ ಆಕಾರದಲ್ಲೇ ನಿಲ್ಲುತ್ತದೆ. ಆಮೇಲೆ ಬಲೂನು ಹೊರಗೆ ಬರುತ್ತದೆ. "ಒಳಗೆ ಬಲೂನು ಇದೆ, ಅದು ಒಡೆದರೆ?" ಎಂದು ಹೆದರುವವರು ಬಹಳ ಮಂದಿ. ಒಳಗೆ ಉಳಿಯುವುದು ಲೋಹದ ಬಲೆ ಮಾತ್ರ.

ಬಲೂನು ಒಂದರಿಂದಲೇ ಹೃದಯದ ನಾಳ ಬಿಡಿಸುವ ಕೆಲಸವನ್ನು ಮೊದಲು ಮಾಡಿದವರು ಆಂಡ್ರಿಯಾಸ್ ಗ್ರುಂಟ್‌ಜಿಗ್, 1977ರ ಸೆಪ್ಟೆಂಬರಿನಲ್ಲಿ, ಜ್ಯೂರಿಕ್‌ನಲ್ಲಿ. ಬಲೂನು ತೆಗೆದ ಮೇಲೆ ನಾಳದ ಗೋಡೆ ಮತ್ತೆ ಒಳಕ್ಕೆ ಕುಸಿಯುವುದು ಆ ಚಿಕಿತ್ಸೆಯ ದೊಡ್ಡ ಕೊರತೆಯಾಗಿತ್ತು. 1986ರಿಂದ ಮನುಷ್ಯರಿಗೆ ಸ್ಟೆಂಟ್ ಹಾಕತೊಡಗಿದ್ದು ಅದೇ ಕಾರಣಕ್ಕೆ.

ಎಲ್ಲ ಜಾಗಕ್ಕೂ ಬಲೂನಿನ ಸ್ಟೆಂಟ್ ಆಗುವುದಿಲ್ಲ. ಕುತ್ತಿಗೆಯ ಕ್ಯಾರೋಟಿಡ್ ನಾಳ ಅಥವಾ ತೊಡೆಯ ನಾಳ ಹೊರಗಿನ ಒತ್ತಡಕ್ಕೂ ಬಾಗುವಿಕೆಗೂ ಸಿಗುವಂಥದ್ದು. ಬಲೂನಿನಿಂದ ಹಿಗ್ಗಿಸಿದ ಬಲೆ ಅಲ್ಲಿ ಒಮ್ಮೆ ಚಪ್ಪಟೆಯಾದರೆ ತಾನಾಗಿ ಎದ್ದು ನಿಲ್ಲುವುದಿಲ್ಲ. ಅಲ್ಲಿಗೆ ನಿಟಿನಾಲ್ ಎಂಬ ಲೋಹದ, ತಾನೇ ಬಿಚ್ಚಿಕೊಳ್ಳುವ ಸ್ಟೆಂಟ್ ಬೇಕು. ಒತ್ತಿದರೂ ಮೊದಲಿನ ಆಕಾರಕ್ಕೆ ಮರಳುವುದು ಅದರ ಗುಣ. ಅನ್ನನಾಳಕ್ಕೂ ಇದೇ ಜಾತಿಯದನ್ನು ಹಾಕುತ್ತಾರೆ.

ಕ್ಯಾಥ್ ಲ್ಯಾಬ್ ಒಳಗೆ ಏನು ನಡೆಯುತ್ತದೆ

ಕ್ಯಾಥ್ ಲ್ಯಾಬ್ ಅಂದರೆ ಎಕ್ಸ್‌ರೇ ನೋಡುತ್ತ ನಾಳದೊಳಗೆ ಕೆಲಸ ಮಾಡುವ ಕೋಣೆ. ರೋಗಿಗೆ ಎಚ್ಚರ ಇರುತ್ತದೆ. ಹೆಚ್ಚಾಗಿ ಬಲ ಮಣಿಕಟ್ಟಿನ ನಾಳವನ್ನು ಮರಗಟ್ಟಿಸಿ, ಅಲ್ಲಿಂದ ಸುಮಾರು 2 ಮಿ.ಮೀ. ದಪ್ಪದ ಕ್ಯಾತೀಟರ್ ಕೊಳವೆಯನ್ನು ಹೃದಯದ ಬುಡದವರೆಗೆ ತಳ್ಳುತ್ತಾರೆ. ಮಣಿಕಟ್ಟಿನ ನಾಳ ಸಣ್ಣದಿದ್ದರೆ ತೊಡೆಸಂದಿಯಿಂದ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ಕ್ಯಾತೀಟರಿನೊಳಗಿಂದ 0.014 ಇಂಚಿನ, ಅಂದರೆ ಸುಮಾರು 0.36 ಮಿ.ಮೀ. ದಪ್ಪದ ತಂತಿ ಬ್ಲಾಕನ್ನು ದಾಟಿ ಆಚೆ ಹೋಗಬೇಕು. ಮುಂದಿನದ್ದೆಲ್ಲ ಈ ತಂತಿಯ ಮೇಲೆ ಜಾರಿಕೊಂಡೇ ಹೋಗುವುದು.

ಮೊದಲು ಸಣ್ಣ ಬಲೂನು ಹೋಗಿ ದಾರಿ ಬಿಡಿಸುತ್ತದೆ. ಇದನ್ನು ಸುಮ್ಮನೆ ಮಾಡುವುದಲ್ಲ. ನಾಳದ ಗೋಡೆಯಲ್ಲಿ ಸುಣ್ಣ (ಕ್ಯಾಲ್ಸಿಯಂ) ಕಟ್ಟಿದ್ದರೆ ಸ್ಟೆಂಟ್ ಅಲ್ಲಿ ಪೂರ್ತಿ ಹಿಗ್ಗುವುದಿಲ್ಲ, ಅರ್ಧ ಹಿಗ್ಗಿದ ಸ್ಟೆಂಟನ್ನು ಹಿಂದಕ್ಕೆ ತೆಗೆಯಲೂ ಆಗುವುದಿಲ್ಲ. ಸಣ್ಣ ಬಲೂನು ಉಬ್ಬಿಸಿದಾಗ ನಡುವೆ ಸೊಂಟದಂತೆ ಕಿರಿದಾಗಿಯೇ ಉಳಿದರೆ ಡಾಕ್ಟರಿಗೆ ಅಲ್ಲೇ ಸುಣ್ಣದ ಸುಳಿವು ಸಿಗುತ್ತದೆ. ಆಗ ಬ್ಲೇಡಿರುವ ಕಟಿಂಗ್ ಬಲೂನು, ವಜ್ರದ ಪುಡಿ ಲೇಪಿಸಿದ ರೋಟಾಬ್ಲೇಟರ್, ಇಲ್ಲವೇ ಒತ್ತಡದ ಅಲೆಗಳಿಂದ ಸುಣ್ಣ ಒಡೆಯುವ ಲಿಥೋಟ್ರಿಪ್ಸಿ ಬಲೂನು ಬೇಕಾಗುತ್ತದೆ. ನಡುವೆ ಹೊರಗೆ ಬಂದು "ಇನ್ನೂ ಒಂದು ಸಾಮಾನು ಬೇಕು, ಖರ್ಚು ಹೆಚ್ಚಾಗುತ್ತದೆ" ಎಂದು ಹೇಳುವುದು ಬಹಳ ಸಲ ಇದೇ ಕಾರಣಕ್ಕೆ. ಸುಣ್ಣ ಇದೆಯೇ ಎಂದು ಆಂಜಿಯೋಗ್ರಾಂ ಆದ ಕೂಡಲೇ ಕೇಳಿಟ್ಟರೆ ಆ ಗಳಿಗೆಯಲ್ಲಿ ತಬ್ಬಿಬ್ಬಾಗುವುದು ತಪ್ಪುತ್ತದೆ.

ಈಗ ಸ್ಟೆಂಟ್. ಬಲೆಯ ಎಳೆ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ. ಬಲೂನಿನ ಎರಡು ತುದಿಯಲ್ಲಿರುವ ಕಪ್ಪು ಚುಕ್ಕೆಗಳನ್ನು ನೋಡಿ ಜಾಗ ಹೊಂದಿಸುತ್ತಾರೆ. ಬ್ಲಾಕಿನ ಈಚೆಯ ಒಳ್ಳೆಯ ಭಾಗದಿಂದ ಆಚೆಯ ಒಳ್ಳೆಯ ಭಾಗದವರೆಗೆ ಸ್ಟೆಂಟ್ ಮುಟ್ಟಬೇಕು. ಗಿಡ್ಡವಾದರೆ ಅಂಚಿನಲ್ಲಿ ಮತ್ತೆ ಬ್ಲಾಕ್ ಬರುತ್ತದೆ.

ಬಲೂನಿಗೆ ಗಾಳಿ ಹಾಕುವುದಿಲ್ಲ. ಎಕ್ಸ್‌ರೇಯಲ್ಲಿ ಕಾಣುವ ಕಾಂಟ್ರಾಸ್ಟ್ ದ್ರವ ಮತ್ತು ಸಲೈನನ್ನು ಸಾಮಾನ್ಯವಾಗಿ ಅರ್ಧಕ್ಕರ್ಧ ಬೆರೆಸಿ ಹಾಕುತ್ತಾರೆ. ಗಾಳಿಯಾದರೆ ಬಲೂನು ಒಡೆದಾಗ ಗುಳ್ಳೆ ಹೃದಯದ ನಾಳಕ್ಕೆ ಹೋಗಿ ರಕ್ತವನ್ನೇ ತಡೆಯುತ್ತದೆ, ಅಲ್ಲದೆ ಗಾಳಿ ಎಕ್ಸ್‌ರೇಯಲ್ಲಿ ಕಾಣುವುದೂ ಇಲ್ಲ. ಬರೀ ಕಾಂಟ್ರಾಸ್ಟ್ ಹಾಕಿದರೆ ಅದು ಮಂದ, ಕುಗ್ಗಿಸುವಾಗ ತಡವಾಗುತ್ತದೆ. ಬಲೂನು ಉಬ್ಬಿರುವಷ್ಟು ಹೊತ್ತು ಹೃದಯದ ಆ ಭಾಗಕ್ಕೆ ರಕ್ತ ಇಲ್ಲ, ಆದ್ದರಿಂದ ಬೇಗ ಕುಗ್ಗುವುದು ಮುಖ್ಯ. ಆ ಹೊತ್ತಿನಲ್ಲಿ ಎದೆ ಹಿಂಡಿದಂತೆ ಆಗುವುದು ಸಹಜ. ರೋಗಿಗೆ ಮುಂಚೆಯೇ ಹೇಳಿಟ್ಟರೆ ಗಾಬರಿಯಾಗುವುದಿಲ್ಲ, ಆದರೆ ನೋವಾದರೆ ಬಾಯಿಬಿಟ್ಟು ಹೇಳಲೂಬೇಕು.

ಒತ್ತಡದ ಮೀಟರ್ ಇರುವ ಸಿರಿಂಜಿನ ಹಿಡಿ ತಿರುಗಿಸುತ್ತ ಒತ್ತಡವನ್ನು ಮೆಲ್ಲಗೆ ಏರಿಸುತ್ತಾರೆ. ಹೆಚ್ಚಿನ ಸ್ಟೆಂಟುಗಳು 8ರಿಂದ 12 ಅಟ್ಮಾಸ್ಫಿಯರಿಗೆ ಡಬ್ಬಿಯ ಮೇಲೆ ಬರೆದ ಅಳತೆಗೆ ಬರುತ್ತವೆ. ಕಾರಿನ ಟಯರಿನಲ್ಲಿ ಇರುವುದು ಸುಮಾರು 2 ಅಟ್ಮಾಸ್ಫಿಯರ್ ಎಂದು ನೆನೆದರೆ ಆ ಸಣ್ಣ ಬಲೂನಿನೊಳಗಿನ ಬಲ ಅಂದಾಜಾಗುತ್ತದೆ. ಸಾಮಾನ್ಯವಾಗಿ 10ರಿಂದ 30 ಸೆಕೆಂಡು ಹಿಡಿದು ಕುಗ್ಗಿಸುತ್ತಾರೆ. ಬಲೂನು ಇಳಿದ ಕೂಡಲೇ ಲೋಹ ಕೂದಲೆಳೆಯಷ್ಟು ಒಳಕ್ಕೆ ಬರುತ್ತದೆ. ಅದಕ್ಕಾಗಿ, ಮತ್ತು ಬಲೆ ಗೋಡೆಗೆ ಪೂರ್ತಿ ಅಂಟಿಕೊಳ್ಳಲಿ ಎಂದು, ಹೆಚ್ಚು ಹಿಗ್ಗದ ಗಟ್ಟಿ ಬಲೂನಿನಿಂದ 16-20 ಅಟ್ಮಾಸ್ಫಿಯರಿಗೆ ಇನ್ನೊಮ್ಮೆ ಒತ್ತುವುದುಂಟು.

ಅಳತೆ ತಪ್ಪಿದರೆ ಆಗುವ ತೊಂದರೆ ಎರಡು ಬಗೆಯದು. ನಾಳಕ್ಕಿಂತ ಸ್ಟೆಂಟ್ ಚಿಕ್ಕದಾದರೆ ಬಲೆಗೂ ಗೋಡೆಗೂ ನಡುವೆ ಸಂದು ಉಳಿಯುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮಿತಿಮೀರಿ ದೊಡ್ಡದಾದರೆ ಅಂಚಿನಲ್ಲಿ ಗೋಡೆಯ ಒಳಪದರ ಸೀಳುತ್ತದೆ, ಅಪರೂಪಕ್ಕೆ ನಾಳವೇ ಬಿರಿಯುತ್ತದೆ. ನಾಳದೊಳಗೇ ಕ್ಯಾಮೆರಾದಂತೆ ಹೋಗಿ ಅಳತೆ ತೆಗೆಯುವ ಐವಸ್ ಮತ್ತು ಒಸಿಟಿ ಪರೀಕ್ಷೆಗಳು ಇರುವುದು ಇದಕ್ಕೇ. ಉದ್ದದ ಬ್ಲಾಕ್, ಎಡದ ಮುಖ್ಯ ನಾಳದ ಬ್ಲಾಕ್, ಸುಣ್ಣ ಕಟ್ಟಿದ ಬ್ಲಾಕ್ ಇದ್ದರೆ ಇವುಗಳಿಗೆ ಖರ್ಚು ಮಾಡುವುದು ದಂಡವಲ್ಲ.

ಡಬ್ಬಿಯ ಸ್ಟಿಕ್ಕರ್ ಮತ್ತು ಬಿಲ್ಲು

ಪ್ರತಿ ಸ್ಟೆಂಟಿನ ಡಬ್ಬಿಯಲ್ಲಿ ಕಿತ್ತು ಅಂಟಿಸುವ ಸಣ್ಣ ಸ್ಟಿಕ್ಕರುಗಳಿರುತ್ತವೆ. ಕಂಪನಿ ಮತ್ತು ಮಾದರಿಯ ಹೆಸರು, "3.00 × 28" ಎಂಬಂಥ ಅಳತೆ, ಲಾಟ್ ನಂಬರು, ಬಾಳಿಕೆಯ ತಾರೀಕು ಅದರಲ್ಲಿ ಇರುತ್ತದೆ. ಮೊದಲ ಅಂಕಿ ಹಿಗ್ಗಿದ ಮೇಲಿನ ಅಗಲ, ಎರಡನೆಯದು ಉದ್ದ, ಎರಡೂ ಮಿಲಿಮೀಟರಿನಲ್ಲಿ. ಆಸ್ಪತ್ರೆ ಒಂದು ಸ್ಟಿಕ್ಕರನ್ನು ತನ್ನ ಫೈಲಿಗೆ ಅಂಟಿಸಿಕೊಳ್ಳುತ್ತದೆ. ಇನ್ನೊಂದನ್ನು ಡಿಸ್ಚಾರ್ಜ್ ಸಮ್ಮರಿಗೋ ಸ್ಟೆಂಟ್ ಕಾರ್ಡಿಗೋ ಅಂಟಿಸಿ ಕೊಡಿ ಎಂದು ಕೇಳಿ ಪಡೆಯಿರಿ. ಎರಡು ಸ್ಟೆಂಟ್ ಹಾಕಿದ್ದರೆ ಎರಡು ಸ್ಟಿಕ್ಕರ್ ಬೇಕು. ಮುಂದೆ ಎಂಆರ್‌ಐ ಮಾಡಿಸುವಾಗ ಮೊದಲು ಕೇಳುವುದು ಇದನ್ನೇ. ಈಗಿನ ಹೃದಯದ ಸ್ಟೆಂಟುಗಳಿಗೆ ಎಂಆರ್‌ಐ ಮಾಡಬಹುದು, ಆದರೆ ಯಾವ ಮಾದರಿ ಎಂದು ಗೊತ್ತಿಲ್ಲದಿದ್ದರೆ ಸ್ಕ್ಯಾನ್ ಕೇಂದ್ರದವರು ಹಿಂದೇಟು ಹಾಕುತ್ತಾರೆ.

ಬೆಲೆಯ ಮಾತು. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟಿಗೆ ಮಿತಿ ಹಾಕಿತು: ಮದ್ದಿಲ್ಲದ ಲೋಹದ ಸ್ಟೆಂಟಿಗೆ 7,260 ರೂಪಾಯಿ, ಮದ್ದು ಲೇಪಿಸಿದ್ದಕ್ಕೆ 29,600 ರೂಪಾಯಿ, ತೆರಿಗೆ ಬೇರೆ. ಅದಕ್ಕೆ ಮುಂಚೆ ಮದ್ದು ಲೇಪಿಸಿದ ಸ್ಟೆಂಟಿಗೆ ಲಕ್ಷ ದಾಟಿ ಬಿಲ್ಲಾಗುತ್ತಿತ್ತು. ಮಿತಿ ಆಮೇಲೆ ಪರಿಷ್ಕರಣೆಯಾಗುತ್ತಾ ಬಂದಿದೆ, ಹಾಗಾಗಿ ಹಾಕಿಸುವ ವರ್ಷದ ದರವನ್ನೇ ಕೇಳಿ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ, ಬ್ರ್ಯಾಂಡ್, ತಯಾರಕರ ಹೆಸರು, ಬ್ಯಾಚ್ ನಂಬರು ಬೇರೆಯಾಗಿ ನಮೂದಾಗಬೇಕು ಎಂಬುದೂ ಅದೇ ಆದೇಶದಲ್ಲಿದೆ. ಬಿಲ್ಲಿನ ಬ್ಯಾಚ್ ನಂಬರು ಸ್ಟಿಕ್ಕರಿನ ಲಾಟ್ ನಂಬರಿಗೆ ತಾಳೆಯಾಗುತ್ತದೋ ನೋಡಿ. ಮಿತಿ ಇರುವುದು ಸ್ಟೆಂಟಿಗೆ ಮಾತ್ರ. ಬಲೂನು, ತಂತಿ, ಕ್ಯಾತೀಟರ್, ಕ್ಯಾಥ್ ಲ್ಯಾಬ್ ಬಾಡಿಗೆ ಬೇರೆ ಸಾಲುಗಳಲ್ಲಿ ಬರುತ್ತವೆ, ಮೊತ್ತ ಏರುವುದೂ ಅಲ್ಲೇ.

ಕೇರಳದ ರೇಷನ್ ಕಾರ್ಡಿನ ಮೇಲೆ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡು (ಆಯುಷ್ಮಾನ್ ಜೊತೆ ಸೇರಿದ ಸರಕಾರಿ ಚಿಕಿತ್ಸಾ ನೆರವಿನದು) ಮಾಡಿಸಿಕೊಂಡವರು, ಅದು ಮಂಗಳೂರಿನ ಆ ಆಸ್ಪತ್ರೆಯಲ್ಲಿ, ಆ ಚಿಕಿತ್ಸೆಗೆ ನಡೆಯುತ್ತದೋ ಎಂದು ದಾಖಲಾಗುವ ಮುಂಚೆಯೇ ಆಯುಷ್ಮಾನ್ ಕೌಂಟರಿನಲ್ಲಿ ಕೇಳಬೇಕು. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಎಂಬ ಮಾತು ನಿಜ, ಆದರೆ ಮುಂಗಡ ಅನುಮತಿ ಬಾರದೆ ಚಿಕಿತ್ಸೆ ಮುಗಿದರೆ ಹಣ ಮರಳಿ ಪಡೆಯುವುದು ಕಷ್ಟ. ಅಲ್ಲಿ ಆಗದಿದ್ದರೆ ಪರಿಯಾರಂನ ಕಣ್ಣೂರು ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ ಹೃದ್ರೋಗ ವಿಭಾಗವಿದೆ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಉತ್ತರಕ್ಕೆ ಹೋಗುವ ದಾರಿಯೇ ಇಲ್ಲದೆ ಕಾಸರಗೋಡಿನವರು ಪಟ್ಟ ಪಾಡು ಎಲ್ಲರಿಗೂ ಗೊತ್ತು. ದಕ್ಷಿಣದ ದಾರಿಯನ್ನೂ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.

ಎದೆನೋವಿನ ಗಳಿಗೆಯಲ್ಲಿ

ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಮುಳ್ಳೇರಿಯ, ಅಡೂರು ಕಡೆಯವರಿಗೆ ಇನ್ನೂ ದೂರ. ಎದೆ ಹಿಂಡಿ, ಬೆವರಿ, ಎಡತೋಳಿಗೋ ದವಡೆಗೋ ನೋವು ಹರಿದರೆ ಕಾರು ಹತ್ತಿಸಿ ನೇರ ಮಂಗಳೂರಿಗೆ ಹೊರಡುವ ರೂಢಿ ಇದೆ. ಮೊದಲು 108ಕ್ಕೆ ಕರೆಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗುವುದು ಸರಿ. ಇಸಿಜಿಯಲ್ಲಿ ನಾಳ ಪೂರ್ತಿ ಮುಚ್ಚಿದ ಗುರುತು ಕಂಡರೆ ಲೆಕ್ಕ ಹೀಗೆ: ಅಲ್ಲಿಂದ 120 ನಿಮಿಷದೊಳಗೆ ಬಲೂನು ಹಾಕಿಸಿಕೊಳ್ಳಲು ಸಾಧ್ಯವಿದ್ದರೆ ಕ್ಯಾಥ್ ಲ್ಯಾಬ್ ಇರುವಲ್ಲಿಗೆ ಹೋಗುವುದು, ಆಗದಿದ್ದರೆ ಇದ್ದಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಿಸಿ ಆಮೇಲೆ ಸಾಗಿಸುವುದು. ಇಂಜೆಕ್ಷನ್ ಕೊಟ್ಟವರಿಗೂ ಸಾಮಾನ್ಯವಾಗಿ 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು. ಹೊರಡುವಾಗ ಇಸಿಜಿಯ ಫೋಟೋವನ್ನು ಮುಂದಿನ ಆಸ್ಪತ್ರೆಗೆ ಕಳಿಸಿದರೆ ಆಂಬುಲೆನ್ಸ್ ಮುಟ್ಟುವುದರೊಳಗೆ ಅಲ್ಲಿ ತಯಾರಿ ಆಗಿರುತ್ತದೆ. ಒಂದೊಂದು ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತಿರುತ್ತದೆ, ಯಾವ ಆಸ್ಪತ್ರೆ ಒಳ್ಳೆಯದು ಎಂದು ನಂಟರಿಗೆ ಫೋನು ಮಾಡುತ್ತ ಕೂರುವ ಹೊತ್ತು ಅದಲ್ಲ.

ಮಣಿಕಟ್ಟಿನ ಗಾಯ

ಸೂಜಿ ಹಾಕಿದ ಜಾಗದ ಮೇಲೆ ಪಾರದರ್ಶಕ ಗಾಳಿಪಟ್ಟಿ ಕಟ್ಟಿರುತ್ತಾರೆ. ಅದರ ಗಾಳಿಯನ್ನು ನರ್ಸು ಹಂತ ಹಂತವಾಗಿ ತೆಗೆಯುತ್ತಾರೆ. ಬಿಗಿಯಾಯಿತೆಂದು ಮನೆಯವರು ಅದನ್ನು ಮುಟ್ಟಬಾರದು. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹೆಚ್ಚಾದರೆ ನರ್ಸನ್ನು ಕರೆಯಿರಿ.

ಮನೆಗೆ ಬಂದ ಮೇಲೆ ಕೆಲವು ದಿನ ಆ ಕೈಯಲ್ಲಿ ಕೊಡಪಾನ ಎತ್ತುವುದು, ಬಾವಿಯಿಂದ ನೀರು ಸೇದುವುದು, ಅಡಿಕೆ ಸುಲಿಯುವುದು, ಕತ್ತಿ ಹಿಡಿಯುವುದು ಬೇಡ. ರಕ್ತ ಚಿಮ್ಮಿದರೆ ಬಟ್ಟೆ ಸುತ್ತಿ ಕಾಯುವುದಲ್ಲ. ಹೆಬ್ಬೆರಳಿನಿಂದ ಅದೇ ಜಾಗವನ್ನು 10 ನಿಮಿಷ ಎಡೆಬಿಡದೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ನಿಂತಿತೇ ಎಂದು ನಡುವೆ ತೆಗೆದು ನೋಡಿದರೆ ಮತ್ತೆ ಮೊದಲಿಂದ. ಹತ್ತು ನಿಮಿಷಕ್ಕೂ ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ 108. ತೊಡೆಸಂದಿಯಿಂದ ಮಾಡಿದ್ದರೆ ಅಲ್ಲಿ ಗಂಟು ಊದುತ್ತಿದೆಯೇ, ಸೊಂಟದ ಕಡೆ ನೋವಿದೆಯೇ ನೋಡುತ್ತಿರಿ. ಒಳಗೇ ರಕ್ತ ಸೋರುತ್ತಿದ್ದರೆ ಹೊರಗೆ ಹನಿಯೂ ಕಾಣದಿರಬಹುದು.

ಮಾತ್ರೆ: ಯಾಕೆ ಇಷ್ಟು ಕಟ್ಟುನಿಟ್ಟು

ಈಗಿನ ಸ್ಟೆಂಟುಗಳ ಮೇಲೆ ಸಿರೋಲಿಮಸ್, ಎವರೋಲಿಮಸ್, ಜೋಟರೋಲಿಮಸ್ ಎಂಬ ಮದ್ದುಗಳಲ್ಲಿ ಒಂದರ ಲೇಪ ಇರುತ್ತದೆ. ಬಲೂನು ಒತ್ತಿ ಗಾಯವಾದ ಗೋಡೆ ವಾಸಿಯಾಗುವ ಭರದಲ್ಲಿ ಮಾಂಸ ಬೆಳೆಸಿ ದಾರಿಯನ್ನೇ ಮುಚ್ಚುತ್ತದೆ. ಮದ್ದಿಲ್ಲದ ಸ್ಟೆಂಟುಗಳಲ್ಲಿ ನೂರಕ್ಕೆ 20-30 ಮಂದಿಗೆ ಹೀಗಾಗುತ್ತಿತ್ತು, ಲೇಪವಿದ್ದರೆ 10ಕ್ಕಿಂತ ಕಡಿಮೆ. ಆದರೆ ಅದೇ ಲೇಪ ಲೋಹದ ಮೇಲೆ ನಾಳದ ಒಳಪದರ ಹರಡಿ ಮುಚ್ಚುವುದನ್ನೂ ನಿಧಾನ ಮಾಡುತ್ತದೆ. ಆ ಪದರ ಬರುವವರೆಗೆ ಬರಿಯ ಲೋಹ ರಕ್ತಕ್ಕೆ ತಾಗುತ್ತಿರುತ್ತದೆ, ಪ್ಲೇಟ್‌ಲೆಟ್ಟುಗಳು ಅಲ್ಲಿ ಅಂಟಿ ಹೆಪ್ಪುಗಟ್ಟಿದರೆ ಸ್ಟೆಂಟ್ ಕೆಲವೇ ನಿಮಿಷದಲ್ಲಿ ಮುಚ್ಚಿಹೋಗುತ್ತದೆ. ಅದು ದೊಡ್ಡ ಹೃದಯಾಘಾತ, ಬದುಕುಳಿಯದವರೂ ಬಹಳ.

ಈ ಅವಧಿಯನ್ನು ದಾಟಿಸಲು ಎರಡು ಮಾತ್ರೆ: ಆಸ್ಪಿರಿನ್ 75 ಮಿ.ಗ್ರಾಂ. ದಿನಕ್ಕೊಮ್ಮೆ, ಜೊತೆಗೆ ಕ್ಲೋಪಿಡೋಗ್ರೆಲ್ 75 ಮಿ.ಗ್ರಾಂ. ದಿನಕ್ಕೊಮ್ಮೆ, ಅಥವಾ ಟಿಕಾಗ್ರೆಲಾರ್ 90 ಮಿ.ಗ್ರಾಂ. ದಿನಕ್ಕೆರಡು ಸಲ, ಅಥವಾ ಪ್ರಸುಗ್ರೆಲ್ 10 ಮಿ.ಗ್ರಾಂ. ದಿನಕ್ಕೊಮ್ಮೆ. ಹೃದಯಾಘಾತವಾಗಿ ಹಾಕಿದ್ದರೆ ಎರಡೂ ಸಾಮಾನ್ಯವಾಗಿ 12 ತಿಂಗಳು, ಮುಂಚೆ ದಿನ ಗೊತ್ತುಮಾಡಿ ಹಾಕಿದ್ದರೆ 6 ತಿಂಗಳು. ರಕ್ತಸ್ರಾವದ ಭಯ ಇರುವವರಿಗೆ ಇದನ್ನು ಕಡಿಮೆ ಮಾಡುವುದೂ ಇದೆ, ಆ ಲೆಕ್ಕ ಡಾಕ್ಟರದ್ದೇ. ಅವಧಿ ಮುಗಿದ ಮೇಲೂ ಒಂದು ಮಾತ್ರೆ ಮುಂದುವರಿಯುತ್ತದೆ.

ಜನ ಮಾತ್ರೆ ಬಿಡುವುದು ಹಟದಿಂದಲ್ಲ, ಸಣ್ಣ ಕಾರಣಗಳಿಗೆ. ಹಲ್ಲು ಕೀಳಿಸಬೇಕಿತ್ತು, ಮೂಲವ್ಯಾಧಿಯಲ್ಲಿ ರಕ್ತ ಕಂಡಿತು, ಮದುವೆಮನೆಗೆ ಹೋಗುವಾಗ ಚೀಲದಲ್ಲಿ ಹಾಕಲು ಮರೆಯಿತು, ಮೆಡಿಕಲಿನಲ್ಲಿ ಆ ಕಂಪನಿಯದು ಮುಗಿದಿತ್ತು. ಹಲ್ಲು ಕೀಳುವುದನ್ನು ಹೆಚ್ಚಾಗಿ ಮಾತ್ರೆ ನಿಲ್ಲಿಸದೆಯೇ ಮಾಡಬಹುದು, ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಹಲ್ಲಿನ ಡಾಕ್ಟರು ನಿಲ್ಲಿಸಿ ಅಂದರೂ ಹೃದಯದ ಡಾಕ್ಟರಿಗೆ ಫೋನು ಮಾಡಿ ಕೇಳಿದ ಮೇಲೆಯೇ. ಬ್ರ್ಯಾಂಡ್ ಬೇರೆಯಾದರೂ ಒಳಗಿನ ಮದ್ದಿನ ಹೆಸರೂ ಮಿಲಿಗ್ರಾಮೂ ಒಂದೇ ಇದ್ದರೆ ತೊಂದರೆಯಿಲ್ಲ, ಜನೌಷಧಿ ಅಂಗಡಿಯದ್ದೂ ಆಗುತ್ತದೆ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಒಟ್ಟಿಗೆ ನುಂಗಬೇಡಿ. ಸ್ಟ್ರಿಪ್ಪಿನಲ್ಲಿ ಒಂದು ವಾರದ ಮಾತ್ರೆ ಉಳಿದಿರುವಾಗಲೇ ಹೊಸತನ್ನು ತನ್ನಿ. ಇಂಗ್ಲಿಷ್ ಓದಲು ಬಾರದ ಹಿರಿಯರಿದ್ದರೆ ಸ್ಟ್ರಿಪ್ಪಿನ ಹಿಂದೆ ಕನ್ನಡದಲ್ಲಿ "ಸ್ಟೆಂಟಿನದು, ಬೆಳಿಗ್ಗೆ" ಎಂದು ಪೆನ್ನಿನಲ್ಲಿ ಬರೆದಿಡಿ.

ಜೊತೆಗೆ ಹೊಂದದ ಮದ್ದುಗಳು ಕೆಲವು ಇವೆ. ಮೊಣಕಾಲು ನೋವಿಗೆಂದು ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೋಫೆನ್ ಹೊಟ್ಟೆಯಲ್ಲಿ ರಕ್ತಸ್ರಾವ ತರಿಸಬಹುದು, ಐಬುಪ್ರೋಫೆನ್ ಆಸ್ಪಿರಿನ್ನಿನ ಕೆಲಸಕ್ಕೂ ಅಡ್ಡಬರುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರು ಗ್ಯಾಸ್ಟ್ರಿಕ್ಕಿಗೆ ಒಮೆಪ್ರಜೋಲ್, ಎಸೊಮೆಪ್ರಜೋಲ್ ಬಿಟ್ಟು ಪ್ಯಾಂಟೊಪ್ರಜೋಲ್ ಬರೆಸಿಕೊಳ್ಳಲಿ, ಮೊದಲಿನ ಎರಡು ಕ್ಲೋಪಿಡೋಗ್ರೆಲ್ಲಿನ ಬಲ ತಗ್ಗಿಸುತ್ತವೆ. ಟಿಕಾಗ್ರೆಲಾರ್ ಕೆಲವರಿಗೆ ಉಬ್ಬಸದಂಥ ಏದುಸಿರು ತರುತ್ತದೆ. ಹಾಗಾದರೆ ಬಿಡುವುದಲ್ಲ, ಬದಲಿಸಿಕೊಳ್ಳುವುದು.

ಮಳೆಗಾಲದ ಡೆಂಗ್ಯೂ ನಮ್ಮ ಕಡೆಯ ವಿಶೇಷ ಸಂಕಟ. ಪ್ಲೇಟ್‌ಲೆಟ್ ಇಳಿಯುವ ಜ್ವರ ಒಂದು ಕಡೆ, ಪ್ಲೇಟ್‌ಲೆಟ್ಟನ್ನು ತಡೆಯುವ ಎರಡು ಮಾತ್ರೆ ಇನ್ನೊಂದು ಕಡೆ. ಸ್ಟೆಂಟ್ ಇದ್ದವರಿಗೆ ಜ್ವರ ಬಂದರೆ ಮೊದಲ ದಿನವೇ ಜ್ವರದ ಡಾಕ್ಟರಿಗೆ ಸ್ಟೆಂಟ್ ಕಾರ್ಡು ತೋರಿಸಿ, ಪ್ಲೇಟ್‌ಲೆಟ್ ಎಣಿಕೆ ಮಾಡಿಸಿ. ಎಷ್ಟು ಇಳಿದರೆ ಯಾವ ಮಾತ್ರೆ ತಡೆಯಬೇಕು ಎಂಬುದನ್ನು ಇಬ್ಬರು ಡಾಕ್ಟರೂ ಮಾತಾಡಿ ತೀರ್ಮಾನಿಸಲಿ. ಮನೆಯಲ್ಲಿ ತೀರ್ಮಾನಿಸುವ ವಿಷಯವಲ್ಲ.

ಕಪ್ಪು ಮಲ, ಕೆಂಪು ಮೂತ್ರ, ನಿಲ್ಲದ ಮೂಗಿನ ರಕ್ತ ಕಂಡರೆ ಅದೇ ದಿನ ತೋರಿಸಿ. ಬೀಡಿ ಸಿಗರೇಟು ಪೂರ್ತಿ ಬಿಡಬೇಕು, ಎಲೆಯಡಿಕೆಯೊಳಗಿನ ಹೊಗೆಸೊಪ್ಪೂ ಸೇರಿ. ಅಡಿಕೆ ಮರ ಹತ್ತುವವರು, ಎತ್ತರದಲ್ಲಿ ಮದ್ದು ಬಿಡುವವರು ಎರಡು ಮಾತ್ರೆ ನಡೆಯುತ್ತಿರುವಷ್ಟು ಕಾಲ ಆ ಕೆಲಸವನ್ನು ಬೇರೆಯವರಿಗೆ ಬಿಡುವುದು ಲೇಸು. ಬಿದ್ದು ತಲೆಗೆ ಪೆಟ್ಟಾದರೆ ಒಳಗಿನ ರಕ್ತ ಸುಲಭಕ್ಕೆ ನಿಲ್ಲುವುದಿಲ್ಲ.

ಮೂತ್ರನಾಳದ ಡಿಜೆ ಸ್ಟೆಂಟ್

ಡಿಜೆ ಅಂದರೆ ಡಬಲ್ ಜೆ, ಎರಡು ತುದಿಯೂ ಇಂಗ್ಲಿಷಿನ J ಅಕ್ಷರದಂತೆ ಬಾಗಿರುವುದರಿಂದ ಬಂದ ಹೆಸರು. ಇದಕ್ಕೆ ಲೋಹ ಇಲ್ಲ, ಬಲೂನೂ ಇಲ್ಲ. 24-26 ಸೆಂ.ಮೀ. ಉದ್ದದ, ಸುಮಾರು 2 ಮಿ.ಮೀ. ದಪ್ಪದ ಮೆತ್ತನೆಯ ಕೊಳವೆ. ಎರಡೂ ತುದಿ ಸುರುಳಿ: ಮೇಲಿನ ಸುರುಳಿ ಕಿಡ್ನಿಯೊಳಗೆ, ಕೆಳಗಿನದು ಮೂತ್ರಕೋಶದೊಳಗೆ ಸಿಕ್ಕಿಕೊಂಡು ಕೊಳವೆ ಜಾರದಂತೆ ಹಿಡಿಯುತ್ತದೆ. ಕಲ್ಲು ಒಡೆದ ಮೇಲೆ ಊದಿಕೊಂಡ ನಾಳ ಮುಚ್ಚದೆ ಇರಲಿ, ಪುಡಿ ಇಳಿದುಹೋಗಲಿ ಎಂದು ಇಡುವುದು.

ತೊಂದರೆ ಶುರುವಾಗುವುದು ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಒಂದು ಸಾಲಿನಿಂದ: "ಡಿಜೆ ಸ್ಟೆಂಟ್ ಇನ್ ಸಿಟು, ರಿಮೂವಲ್ ಆಫ್ಟರ್ 2 ವೀಕ್ಸ್", ಅಂದರೆ ಸ್ಟೆಂಟ್ ಒಳಗಿದೆ, ಎರಡು ವಾರದ ಮೇಲೆ ತೆಗೆಸಬೇಕು. ಇಂಗ್ಲಿಷಿನಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ, ಸಣ್ಣ ಅಕ್ಷರದಲ್ಲಿ. ಕಲ್ಲು ಹೋಯಿತು, ನೋವು ಹೋಯಿತು, ಫೈಲು ಕಪಾಟಿನೊಳಗೆ ಹೋಯಿತು. ಕೊಳವೆ ಮಾತ್ರ ಒಳಗೇ ಉಳಿಯಿತು. ಮೂತ್ರದ ಲವಣಗಳು ಅದರ ಮೇಲೆ ಕಟ್ಟುತ್ತಾ ಹೋಗುತ್ತವೆ, ಸುರುಳಿಗಳ ಸುತ್ತ ಹೊಸ ಕಲ್ಲೇ ಬೆಳೆಯುತ್ತದೆ. ತಿಂಗಳುಗಟ್ಟಲೆ ಕಳೆದರೆ ಕೊಳವೆ ಪೆಡಸಾಗಿ ತುಂಡಾಗುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಆಮೇಲೆ ಎರಡು-ಮೂರು ಆಪರೇಷನ್ ಬೇಕಾಗುತ್ತದೆ, ಆ ಹೊತ್ತಿಗೆ ಕಿಡ್ನಿ ಕೆಲಸ ನಿಲ್ಲಿಸಿರಲೂಬಹುದು. ಕಲ್ಲಿನ ಆಪರೇಷನ್ನಿಗೆ ಇಟ್ಟದ್ದನ್ನು ಸಾಮಾನ್ಯವಾಗಿ 1ರಿಂದ 4 ವಾರದೊಳಗೆ ತೆಗೆಯುತ್ತಾರೆ. ಬೇರೆ ಕಾರಣಕ್ಕೆ ಇಟ್ಟದ್ದನ್ನೂ ಮೂರರಿಂದ ಆರು ತಿಂಗಳಿಗೆ ಬದಲಿಸಲೇಬೇಕು.

ಆದ್ದರಿಂದ ಆಸ್ಪತ್ರೆಯಿಂದ ಹೊರಡುವ ಮುಂಚೆ ತಾರೀಕು ಬರೆಸಿಕೊಳ್ಳಿ, "ಎರಡು ವಾರ" ಎಂದಲ್ಲ, ದಿನ ಮತ್ತು ತಿಂಗಳು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ, ಮನೆಯ ಇಬ್ಬರ ಫೋನಿನಲ್ಲಿ ಅಲಾರಂ ಇಡಿ. ಹಾಕಿದ ಆಸ್ಪತ್ರೆಗೇ ಹೋಗಬೇಕೆಂದಿಲ್ಲ, ಮೂತ್ರರೋಗ ತಜ್ಞರು ಇರುವ ಯಾವ ಆಸ್ಪತ್ರೆಯಲ್ಲೂ ತೆಗೆಯಬಹುದು, ಗಡಿಯ ಯಾವ ಬದಿಯಲ್ಲಾದರೂ ಸರಿ. ಡಿಸ್ಚಾರ್ಜ್ ಸಮ್ಮರಿ ಮತ್ತು ಹೊಟ್ಟೆಯ ಎಕ್ಸ್‌ರೇ ಇದ್ದರೆ ಸಾಕು. ಹಿಂದೆಂದೋ ಹಾಕಿಸಿದ್ದು ತೆಗೆಸಿದ್ದೇವೋ ಇಲ್ಲವೋ ಎಂಬ ಸಂಶಯ ಇದ್ದರೆ ಒಂದು ಎಕ್ಸ್‌ರೇ ತೆಗೆಸಿ, ಕೊಳವೆ ಇದ್ದರೆ ಸ್ಪಷ್ಟ ಕಾಣುತ್ತದೆ.

ತೆಗೆಯುವುದಕ್ಕೆ ಹೆದರುವಂಥದ್ದು ಏನಿಲ್ಲ. ಮೂತ್ರದ್ವಾರಕ್ಕೆ ಮರಗಟ್ಟಿಸುವ ಜೆಲ್ ಹಾಕಿ, ಕೆಲವು ನಿಮಿಷ ಬಿಟ್ಟು, ಸಣ್ಣ ದುರ್ಬೀನಿನ ಮೂಲಕ ಸುರುಳಿಯನ್ನು ಹಿಡಿದು ಎಳೆಯುತ್ತಾರೆ. ಒಂದೆರಡು ದಿನ ಉರಿ ಇರುತ್ತದೆ. ತೆಗೆದ ದಿನ ಕೆಲವು ಗಂಟೆ ಪಕ್ಕೆನೋವು ಬರುವುದೂ ಇದೆ.

ಒಳಗಿರುವಷ್ಟು ದಿನ ಪದೇ ಪದೇ ಮೂತ್ರಕ್ಕೆ ಅವಸರವಾಗುತ್ತದೆ, ಮೂತ್ರ ಮಾಡುವಾಗ ಪಕ್ಕೆಯಲ್ಲಿ ಚುಚ್ಚುತ್ತದೆ. ಕೊಳವೆಯಿಂದಾಗಿ ಮೂತ್ರ ಕಿಡ್ನಿಯ ಕಡೆಗೆ ಹಿಮ್ಮುಖ ಹೋಗುವುದರಿಂದ ಆ ಚುಚ್ಚು. ತಡೆದಿಟ್ಟುಕೊಳ್ಳದೆ ಆಗಾಗ ಹೋದರೆ ಕಡಿಮೆಯಾಗುತ್ತದೆ. ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ. ಬರೆಯುವುದು ಇದಕ್ಕೇ. ಬೈಕಿನಲ್ಲಿ ಹೊಂಡದ ದಾರಿಯಲ್ಲಿ ಹೋಗಿ ಬಂದ ದಿನ ಮೂತ್ರ ನಸುಗೆಂಪಾದರೆ ನೀರು ಹೆಚ್ಚು ಕುಡಿಯಿರಿ, ದಿನಕ್ಕೆ ಎರಡೂವರೆ ಲೀಟರ್, ತಿಳಿಯಾಗುತ್ತದೆ. ಗಟ್ಟಿ ರಕ್ತ, ಹೆಪ್ಪು, ಮೂತ್ರ ಕಟ್ಟುವುದು, 100.4 ಡಿಗ್ರಿ ಮೀರಿದ ಚಳಿಜ್ವರ, ಇವಕ್ಕೆ ನೀರು ಮದ್ದಲ್ಲ. ಅದೇ ದಿನ, ರಾತ್ರಿಯಾದರೂ, ಆಸ್ಪತ್ರೆಗೆ ಹೋಗಬೇಕು. ಮೂತ್ರನಾಳ ಮುಚ್ಚಿ ಒಳಗೆ ಸೋಂಕಾದರೆ ಕೆಲವೇ ಗಂಟೆಯಲ್ಲಿ ರಕ್ತಕ್ಕೆ ಹರಡುತ್ತದೆ.

ಮೂತ್ರದ ಚೀಲಕ್ಕೆ ಜೋಡಿಸುವ ಫೋಲಿ ಕ್ಯಾತೀಟರಿನೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಅಲ್ಲಿ ಮಾತ್ರ ಬಲೂನು ನಿಜವಾಗಿ ಒಳಗೇ ಉಬ್ಬಿ ನಿಂತಿರುತ್ತದೆ, ಸಾಮಾನ್ಯವಾಗಿ 10 ಮಿ.ಲೀ. ಶುದ್ಧೀಕರಿಸಿದ ನೀರು ತುಂಬಿ. ಆ ನೀರನ್ನು ಸಿರಿಂಜಿನಿಂದ ಪೂರ್ತಿ ಹೊರತೆಗೆಯದೆ ಎಳೆದರೆ ಮೂತ್ರದ್ವಾರ ಹರಿಯುತ್ತದೆ. ಮನೆಯಲ್ಲಿ ಮಲಗಿರುವ ಹಿರಿಯರು ಅದನ್ನು ಎಳೆದುಕೊಳ್ಳದಂತೆ ಕೊಳವೆಯನ್ನು ತೊಡೆಗೆ ಪ್ಲಾಸ್ಟರಿನಿಂದ ಸಡಿಲವಾಗಿ ಅಂಟಿಸಿಡಿ.

ಪಿತ್ತನಾಳದ ಸ್ಟೆಂಟ್

ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಇಆರ್‌ಸಿಪಿ ಎಂಬ ವಿಧಾನದಲ್ಲಿ ಇಡುವುದು. ಪ್ಲಾಸ್ಟಿಕ್‌ನದ್ದು ಸುಮಾರು 2ರಿಂದ 4 ಮಿ.ಮೀ. ದಪ್ಪ, ಪಿತ್ತದ ಕೆಸರು ಕಟ್ಟಿ ಮುಚ್ಚುತ್ತದೆ, ಆದ್ದರಿಂದ ಸುಮಾರು ಮೂರು ತಿಂಗಳಿಗೊಮ್ಮೆ ಬದಲಾವಣೆ. ತಾನೇ ಬಿಚ್ಚಿಕೊಳ್ಳುವ ಲೋಹದ್ದು 8-10 ಮಿ.ಮೀ. ಅಗಲಕ್ಕೆ ತೆರೆಯುವುದರಿಂದ ಹೆಚ್ಚು ಕಾಲ ಬಾಳುತ್ತದೆ, ಬೆಲೆಯೂ ಹೆಚ್ಚು. ಲೋಹದ್ದರಲ್ಲಿ ಹೊದಿಕೆ ಇರುವುದನ್ನು ಆಮೇಲೆ ತೆಗೆಯಬಹುದು, ಹೊದಿಕೆ ಇಲ್ಲದ್ದು ಗೋಡೆಯ ಮಾಂಸಕ್ಕೆ ಸೇರಿಹೋಗುತ್ತದೆ. ಯಾವುದನ್ನು ಹಾಕಿದ್ದಾರೆ ಎಂದು ಬರೆಸಿಕೊಳ್ಳಿ.

ಕಣ್ಣು ಮತ್ತೆ ಹಳದಿಯಾಗುವುದು, ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗುವುದು, ಮೈಯೆಲ್ಲ ತುರಿಕೆ, ಚಳಿಜ್ವರ, ಇವು ಸ್ಟೆಂಟ್ ಮುಚ್ಚಿದ ಗುರುತು. ಇಲ್ಲಿ ಕಾಮಾಲೆಗೆ ನಾಟಿಮದ್ದು ಕುಡಿಸುವ ರೂಢಿ ಬಲವಾಗಿದೆ. ಸ್ಟೆಂಟ್ ಇದ್ದವರ ಕಾಮಾಲೆ ಕೊಳವೆ ಕಟ್ಟಿದ್ದರಿಂದ ಬಂದದ್ದು, ಕುಡಿಸುವ ಮದ್ದು ಆ ಕೊಳವೆಯನ್ನು ಬಿಡಿಸಲಾರದು. ಕಾದು ನೋಡುವ ಎರಡು ದಿನದಲ್ಲಿ ಸೋಂಕು ರಕ್ತಕ್ಕೆ ಏರುತ್ತದೆ. ಜ್ವರದ ಜೊತೆ ಚಳಿ ಕಾಣಿಸಿದರೆ ಇಆರ್‌ಸಿಪಿ ಮಾಡುವ ಆಸ್ಪತ್ರೆಗೆ ಮೊದಲು ಫೋನು ಮಾಡಿ, ಆ ದಿನ ಅಲ್ಲಿ ಮಾಡುವ ಡಾಕ್ಟರು ಇದ್ದಾರೋ ಕೇಳಿಕೊಂಡು, ಊಟ ಕೊಡದೆ ರೋಗಿಯನ್ನು ಹೊರಡಿಸಿ. ಹೊಟ್ಟೆ ತುಂಬಿದ್ದರೆ ಎಂಡೋಸ್ಕೋಪ್ ಇಳಿಸಲು ಆರು ಗಂಟೆ ಕಾಯಬೇಕಾಗಿ ಬರಬಹುದು.